ಚನ್ನಾಜಮ್ಮ ಇಟ್ಟ ಕಣ್ಣು

ನನಗೆ ಅನುಮಾನ ಜಾಸ್ತಿ ಅಂತ ಕಾಲೇಜಿನ ಹುಡುಗರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಗ್ಯಾಲರಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳಿಗೆ ಅನುಮಾನ ಇಲ್ಲದೆ ಇನ್ನೇನಿರಬೇಕು, ಭಕ್ತಿಯೇ? ನಮ್ಮ ಚಿತ್ರಕಲಾ ಕಾಲೇಜಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರದರ್ಶನ ವರ್ಷಕ್ಕೊಮ್ಮೆ ನಡೆಯುತ್ತದೆ. ಅದರ ಉಸ್ತುವಾರಿ ನನ್ನದು. ನನ್ನ ಹೆಸರು ಕಾತ್ಯಾಯಿನಿ. ಬೆನ್ನ ಹಿಂದೆ ಕರೆಯುವ ಹೆಸರು ಬೇರೆ ಇದೆ, ಅದನ್ನು ನನ್ನ ಬಾಯಿಂದ ಯಾಕೆ ಹೇಳಲಿ.

ನಮ್ಮ ಊರಲ್ಲಿ ಚಿತ್ರದೊಳಗಿನ ಕಣ್ಣು, ಬ್ರಷ್ ಹಿಡಿದು ತನ್ನನ್ನು ಇಟ್ಟವರನ್ನೇ ನೋಡುತ್ತದೆ. ಅವರು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಪರ ಊರಿಗೆ ಹೋದರೆ ಆ ದಿಕ್ಕಿಗೆ. ತೀರಿಕೊಂಡರೆ ನೆಲಕ್ಕೆ. ಹೊರಗಿನಿಂದ ಬಂದ ಸೊಸೆಯಂದಿರು ಮೊದಮೊದಲು ಹೆದರುತ್ತಾರೆ, ಆಮೇಲೆ ಅವರಿಗೂ ರೂಢಿಯಾಗುತ್ತದೆ. ನಡುಮನೆಯ ಗೋಡೆಯ ಮೇಲಿನ ತಾತ ಇದ್ದಕ್ಕಿದ್ದಂತೆ ಕಿಟಕಿಯ ಕಡೆ ಕಣ್ಣು ಹೊರಳಿಸಿದರೆ, "ಓ, ಚಿತ್ರಗಾರ ಬ್ರಹ್ಮಾಚಾರಿ ಸಂತೆಗೆ ಹೊರಟರು, ಚೀಲ ಎಲ್ಲಿ?" ಅಂತ ಮನೆಯವರು ಎದ್ದೇಳುತ್ತಾರೆ. ಹಳೇ ಚಿತ್ರಗಾರರ ಪಾಡು ಕೇಳಬೇಡಿ. ಯಾವ ಬೀದಿಗೆ ಹೋದರೂ ಯಾವುದೋ ಮನೆಯ ಒಳಗಿನಿಂದ ಸತ್ತ ಗೌಡನೊಬ್ಬ ಅವರನ್ನು ನೋಡುತ್ತಲೇ ಇರುತ್ತಾನೆ. ಚಿತ್ರಗಾರನಿಗೆ ಹೆಣ್ಣು ಕೊಡುವವರು ನಿಶ್ಚಿತಾರ್ಥದ ದಿನವೇ ಅವನ ಕೈಯಲ್ಲಿ ಮಗಳದೊಂದು ಚಿತ್ರ ಬರೆಸಿಕೊಳ್ಳುತ್ತಾರೆ. ಗಂಡ ಎಲ್ಲಿಗೆ ಹೋಗಿದ್ದಾನೆ ಅಂತ ಆಮೇಲೆ ಅವಳು ಯಾರನ್ನೂ ಕೇಳಬೇಕಾಗಿಲ್ಲ.

ಹೀಗಿದ್ದ ಮೇಲೆ ನಮ್ಮ ಪ್ರದರ್ಶನದಲ್ಲಿ ಮೋಸ ಹೇಗೆ ನಡೆದೀತು ಅಂತ ನೀವು ಕೇಳಬಹುದು. ನಾವು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಹುಡುಗರು ಇವರು. ಮೊದಲು ಎಲ್ಲರೂ ಗುಡ್ಡ, ಕೆರೆ, ಮರ ಬರೆದು ತಂದರು. ಗುಡ್ಡಕ್ಕೆ ಕಣ್ಣೆಲ್ಲಿ? ಯಾರು ಬರೆದರೋ, ಯಾರು ಬರೆಸಿದರೋ, ದೇವರೇ ಬಲ್ಲ. ಅದಕ್ಕೇ ಪ್ರತಿ ಚಿತ್ರದಲ್ಲೂ ಒಂದು ಜೊತೆ ಕಣ್ಣಾದರೂ ಇರಲೇಬೇಕು ಅಂತ ಕಾಲೇಜು ನಿಯಮ ತಂದಿತು. ಅವತ್ತಿನಿಂದ ನಮ್ಮಲ್ಲಿ ಎಷ್ಟು ಚಂದದ ಸೂರ್ಯೋದಯ ಬರೆದರೂ ಮೂಲೆಯಲ್ಲೊಂದು ಆಡು ನಿಂತಿರುತ್ತದೆ. ಆಗ ಹುಡುಗರು ಇನ್ನೊಂದು ದಾರಿ ಹುಡುಕಿದರು. ಕಮ್ಮಾರ ಬೀದಿಯಲ್ಲಿ ಮಾಯಣ್ಣ ಅಂತ ಒಬ್ಬ ಇದ್ದಾನೆ, ನಮ್ಮ ಕಾಲೇಜಿನಿಂದಲೇ ಹೊರಬಿದ್ದವನು. ಅವನು ಪೂರಾ ಚಿತ್ರ ಬರೆದು ಕಣ್ಣಿನ ಜಾಗ ಮಾತ್ರ ಖಾಲಿ ಬಿಡುತ್ತಾನೆ. ಅದಕ್ಕೆ ಕುರುಡು ಚಿತ್ರ ಅಂತ ಹೆಸರು. ಹುಡುಗರು ಅದನ್ನು ತಂದು ಎರಡು ಚುಕ್ಕೆ ತಾವೇ ಇಟ್ಟುಕೊಂಡರೆ ಮುಗಿಯಿತು, ಚಿತ್ರ ಅವರನ್ನೇ ನೋಡುತ್ತದೆ. ಇದನ್ನು ಹಿಡಿಯುವುದು ಕಷ್ಟ. ನಾನು ಹಿಡಿಯುತ್ತೇನೆ. ಮೈಯೆಲ್ಲ ಪಳಗಿದ ಕೈ, ಕಣ್ಣು ಮಾತ್ರ ಎಳೆಗೈ ಇದ್ದರೆ ನನ್ನ ಮೂಗಿಗೆ ವಾಸನೆ ಬಡಿಯುತ್ತದೆ.

ಪ್ರದರ್ಶನ ಶುರುವಾಗುವ ಬೆಳಗನ್ನು ನೋಟದ ದಿನ ಅಂತ ಕರೆಯುತ್ತೇವೆ. ಹೊರಗಿನಿಂದ ಒಬ್ಬ ಪರೀಕ್ಷಕರು ಬರುತ್ತಾರೆ. ಒಬ್ಬೊಬ್ಬರೇ ವಿದ್ಯಾರ್ಥಿಗಳು ಒಳಗೆ ಬಂದು ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಅವರವರ ಚಿತ್ರ ಅವರನ್ನು ನೋಡಿದರೆ ಪರೀಕ್ಷಕರು ಚಿತ್ರದ ಕೆಳಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 'ಸ್ವಂತ' ಅಂತ ಬರೆಯುತ್ತಾರೆ. ಬರೆಯದೆ ಮುಂದಕ್ಕೆ ಹೋದರೋ, ಆ ವಿದ್ಯಾರ್ಥಿ ಚಿತ್ರ ಬಿಚ್ಚಿಕೊಂಡು ಹಿಂಬಾಗಿಲಿನಿಂದ ಹೋಗಬೇಕು. ಡಿಪ್ಲೊಮಾ ಇಲ್ಲ, ಇನ್ನೊಂದು ವರ್ಷವೂ ಇಲ್ಲ. ಊರಲ್ಲಿ ಅಂಥವರಿಗೆ ಯಾರೂ ಒಂದು ಗೋಡೆಯನ್ನೂ ಕೊಡುವುದಿಲ್ಲ.

ಈ ಸಲ ನೋಟದ ದಿನದ ಹಿಂದಿನ ಮಧ್ಯಾಹ್ನ ಅಷ್ಟು ಹೊತ್ತಿಗೆ ಬಂದಿದ್ದ ಚಿತ್ರಗಳನ್ನೆಲ್ಲ ತೂಗುಹಾಕಿಸಿ, ನನ್ನ ಪದ್ಧತಿಯಂತೆ ಒಂದು ಸುತ್ತು ನಾನೇ ನೋಡುತ್ತಾ ಬಂದೆ. ಶಿವಲೀಲ ಅನ್ನುವ ಹುಡುಗಿಯ ಚಿತ್ರದ ಮುಂದೆ ನನ್ನ ಕಾಲು ನಿಂತಿತು. ಒಬ್ಬ ಹೆಂಗಸು ಮೊರದಲ್ಲಿ ಅಕ್ಕಿ ಆರಿಸುತ್ತಾ ತಲೆ ಎತ್ತಿದ್ದಾಳೆ, ಅಷ್ಟೇ. ಆದರೆ ಆ ಬೆರಳುಗಳು! ಕಲ್ಲು ಸಿಕ್ಕಿದೆ, ಇನ್ನೂ ಎಸೆದಿಲ್ಲ, ಎರಡು ಬೆರಳ ನಡುವೆ ಹಿಡಿದುಕೊಂಡಿದ್ದಾಳೆ. ಈ ಹುಡುಗಿ ಹೋದ ವರ್ಷ ಬರೆದ ಕೋಳಿಗಳನ್ನು ನಾನು ನೋಡಿದ್ದೆ. ಅವು ಕೋಳಿ ಅಂತ ಕೆಳಗೆ ಬರೆಯಬೇಕಾಗಿತ್ತು. ಒಂದೇ ವರ್ಷದಲ್ಲಿ ಇಂಥ ಕೈ ಎಲ್ಲಿಂದ ಬಂತು?

ಕಣ್ಣು ನೋಡಿದೆ. ಕಣ್ಣು ಮಾತ್ರ ಸೊಟ್ಟ. ಒಂದು ದೊಡ್ಡದು, ಒಂದು ಚಿಕ್ಕದು, ಬಣ್ಣ ರೆಪ್ಪೆಯಿಂದಾಚೆ ಚೆಲ್ಲಿದೆ. ಸರಿ, ಕುರುಡು ಚಿತ್ರವೇ ಅಂದುಕೊಂಡೆ. ಶಿವಲೀಲ ಅಲ್ಲೇ ಮೊಳೆಗಳ ಡಬ್ಬಿ ಹಿಡಿದುಕೊಂಡು ನಿಂತಿದ್ದಳು. ತೆಳ್ಳಗಿನ ಹುಡುಗಿ, ಯಾವಾಗಲೂ ನಿದ್ದೆ ಸಾಲದ ಮುಖ. "ಬಾ ಇಲ್ಲಿ, ಚಿತ್ರದ ಮುಂದೆ ನಿಲ್ಲು" ಅಂದೆ. ಬಂದು ನಿಂತಳು. ಚಿತ್ರ ಅವಳನ್ನು ನೋಡಲೇ ಇಲ್ಲ. ಬಲಕ್ಕೆ, ಗೋಡೆಯಾಚೆ ಎಲ್ಲೋ ನೋಡುತ್ತಿತ್ತು.

ನನ್ನ ತಲೆ ಕೆಟ್ಟುಹೋಯಿತು. ಮೈ ಬೇರೆಯವರದು, ಕಣ್ಣು ತಮ್ಮದು ಅನ್ನುವ ಮೋಸ ನನಗೆ ಗೊತ್ತು. ಕಣ್ಣೂ ಬೇರೆಯವರದೇ ಆದರೆ ಅದನ್ನು ಮೋಸ ಅನ್ನಬೇಕೋ ಪೆದ್ದುತನ ಅನ್ನಬೇಕೋ?

"ಯಾರಮ್ಮ ಬರೆದಿದ್ದು ಇದನ್ನ?"

"ನಾನೇ ಮೇಡಂ."

"ಹಾಗಾದರೆ ಅದು ಯಾರನ್ನ ನೋಡ್ತಿದೆ?"

ಅವಳು ಚಿತ್ರವನ್ನೇ ನೋಡುತ್ತಿದ್ದಳು, ಅವಳ ಮುಖ ಬಿಳುಚಿಕೊಂಡಿತು. "ಮೇಡಂ, ನಮ್ಮ ಮನೆ ಈ ಕಡೆ" ಅಂತ ಎಡಕ್ಕೆ ಕೈ ತೋರಿಸಿದಳು. "ಅವ್ವ ಮನೇಲಿಲ್ಲ. ನಾನು ಹೋಗ್ಬೇಕು. ಚಿತ್ರ ಕೊಡಿ."

"ಏನು ಅವ್ವ? ಯಾವ ಅವ್ವ?"

ಆಗ ಅವಳು ಗಡಿಬಿಡಿಯಲ್ಲಿ ಒಂದು ಕಥೆ ಹೇಳಿದಳು. ಚಿತ್ರದಲ್ಲಿರುವುದು ಅವಳ ತಾಯಿ ಚನ್ನಾಜಮ್ಮ. ಎರಡು ವರ್ಷದಿಂದ ಆಕೆಗೆ ನೆನಪು ಸರಿಯಿಲ್ಲ, ಮಗಳ ಗುರುತೂ ಹತ್ತುವುದಿಲ್ಲ, ಬಾಗಿಲು ತೆರೆದಿದ್ದರೆ ಎದ್ದು ಹೋಗಿಬಿಡುತ್ತಾಳೆ. ಹುಡುಕಿ ಹುಡುಕಿ ಸಾಕಾಗಿ ಶಿವಲೀಲ ಒಂದು ಉಪಾಯ ಮಾಡಿದಳು. ತಾಯಿಯ ಚಿತ್ರ ಬರೆದು, ಕಣ್ಣನ್ನು ಮಾತ್ರ ತಾಯಿಯ ಕೈಗೇ ಬ್ರಷ್ ಕೊಟ್ಟು ಇಡಿಸಿದಳು. ಅವತ್ತಿನಿಂದ ಅವ್ವ ಎಲ್ಲಿ ಹೋದರೂ ಚಿತ್ರ ಆ ದಿಕ್ಕು ತೋರಿಸುತ್ತದೆ.

"ಚೆನ್ನಾಗಿದೆ" ಅಂದೆ. "ಮತ್ತೆ ಅದನ್ನ ಯಾಕೆ ಪ್ರದರ್ಶನಕ್ಕೆ ತಂದೆ? ಬೇರೆ ಚಿತ್ರ ಇರಲಿಲ್ವ?"

"ಇತ್ತು ಮೇಡಂ. ಅದನ್ನ ಅವ್ವ ಮೊನ್ನೆ ಕೊಳೆಯಾಗಿದೆ ಅಂತ ಸೋಪು ಹಾಕಿ ತೊಳೆದುಬಿಟ್ಟಳು. ನನ್ನ ಪಾಲಿನ ಮೊಳೆ ಖಾಲಿ ಇದ್ರೆ ಇವತ್ತೇ ಹೆಸರು ಹೊಡೆದುಹಾಕ್ತಾರೆ, ಅದಕ್ಕೇ ಇದನ್ನ ತಂದೆ. ನಾಳೆಯೊಳಗೆ ಏನಾದ್ರೂ ದಾರಿ ಹೊಳೆಯಬಹುದು ಅಂತ."

ನನ್ನ ಸರ್ವೀಸಿನಲ್ಲಿ ಚಿತ್ರವನ್ನು ಇಲಿ ತಿಂದಿದೆ, ಗಾಳಿ ಹೊತ್ತೊಯ್ದಿದೆ, ಬಸ್ಸಿನಲ್ಲಿ ಯಾರೋ ಅದರ ಮೇಲೆ ಕೂತಿದ್ದಾರೆ. ಒಬ್ಬ ಹುಡುಗನ ಅಜ್ಜಿ ಮೂರು ಪ್ರದರ್ಶನಗಳಿಗೆ ಮೂರು ಸಲ ಸತ್ತಿದ್ದಾರೆ. ತಾಯಿಯೇ ಸೋಪು ಹಾಕಿ ತೊಳೆದಿದ್ದು ಇದೇ ಮೊದಲು. ಚಿತ್ರ ನೋಡುತ್ತಿದ್ದ ದಿಕ್ಕಿಗೆ ನಾನೂ ನೋಡಿದೆ. ಆ ಗೋಡೆಯಾಚೆ ಮೈದಾನ, ಮೈದಾನದಾಚೆ ಕಮ್ಮಾರ ಬೀದಿ. ಕಮ್ಮಾರ ಬೀದಿಯಲ್ಲಿ ಮಾಯಣ್ಣ. ನನಗೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಅರ್ಥವಾಯಿತು. ಮಾಯಣ್ಣ ಕುಡಿಯುತ್ತಾನೆ ಅಂತ ಊರಿಗೆಲ್ಲ ಗೊತ್ತು. ಕುಡಿದ ಅಮಲಿನಲ್ಲಿ ಕಣ್ಣಿನ ಜಾಗ ಖಾಲಿ ಬಿಡಬೇಕು ಅನ್ನುವುದನ್ನು ಮರೆತು ತಾನೇ ಇಟ್ಟುಬಿಟ್ಟಿದ್ದಾನೆ. ಅದಕ್ಕೇ ಕಣ್ಣು ಸೊಟ್ಟ.

ಶಿವಲೀಲ ಆಗಲೇ ಚಿತ್ರದ ದಾರ ಬಿಚ್ಚುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ. ಒಮ್ಮೆ ಮೊಳೆಗೆ ಏರಿದ ಚಿತ್ರ ಪರೀಕ್ಷಕರು ನೋಡುವವರೆಗೂ ಇಳಿಯಬಾರದು, ಅದು ನಿಯಮ.

"ಮೇಡಂ, ಆ ಕಡೆ ಕಲ್ಲುಕ್ವಾರಿ ಇದೆ. ನೀರು ತುಂಬಿದೆ" ಅಂದಳು. "ನಾಳೆ ನನ್ನನ್ನ ಕಾಲೇಜಿಂದ ಬೇಕಾದ್ರೆ ತೆಗೆದುಹಾಕಿ. ಈಗ ಬಿಡಿ."

ನಟನೆ ಇರಬಹುದು ಅಂತಲೇ ಅನಿಸಿತು. ನಿಜವೂ ಇರಬಹುದಲ್ಲ ಅಂತಲೂ ಅನಿಸಿತು. ಎರಡಕ್ಕೂ ಮದ್ದು ಒಂದೇ. "ನಡಿ, ನಾನೂ ಬರ್ತೀನಿ. ಈ ಕಣ್ಣಿನ ತುದಿಯಲ್ಲಿ ಯಾರಿದ್ದಾರೆ ಅಂತ ನಾನೇ ನೋಡ್ತೀನಿ" ಅಂದೆ. ನಿಯಮ ಮುರಿದು ಚಿತ್ರವನ್ನು ನಾನೇ ಇಳಿಸಿ ಅವಳ ಕೈಗೆ ಕೊಟ್ಟು, ಗ್ಯಾಲರಿಗೆ ಬೀಗ ಹಾಕಿದೆ.

ಚಿತ್ರದ ನೋಟ ಹಿಡಿದುಕೊಂಡು ಹೋಗುವುದು ಹೇಳಿದಷ್ಟು ಸುಲಭ ಅಲ್ಲ. ಕಣ್ಣು ನೇರ ಆಗುವವರೆಗೂ ಚಿತ್ರವನ್ನು ತಿರುಗಿಸಬೇಕು, ಆಮೇಲೆ ಅದನ್ನು ಎದೆಗೆ ಒತ್ತಿಕೊಂಡು ಮುಖ ಹೊರಗೆ ಮಾಡಿ ಹಿಡಿದು ನೆಟ್ಟಗೆ ನಡೆಯಬೇಕು. ಹಿಡಿದವರಿಗೆ ಕಣ್ಣು ಕಾಣುವುದಿಲ್ಲ. ಎದುರಿಗೊಬ್ಬರು ಬೇಕು. ಇಷ್ಟು ದಿನ ಹೇಗೆ ಮಾಡುತ್ತಿದ್ದೆ ಅಂತ ಕೇಳಿದೆ. "ದಾರೀಲಿ ಬಂದವರನ್ನ ಕೇಳ್ತಿದ್ದೆ ಮೇಡಂ. ಎತ್ತ ನೋಡ್ತಿದೆ ಹೇಳಿ ಅಂತ" ಅಂದಳು. ಹೀಗಾಗಿ ನಾನು, ಗ್ಯಾಲರಿಯ ಉಸ್ತುವಾರಿ, ಸೆರಗು ಸಿಕ್ಕಿಸಿಕೊಂಡು, ಚಿತ್ರಕ್ಕೆ ಮುಖ ಮಾಡಿ, ಊರ ನಡುವೆ ಹಿಮ್ಮುಖವಾಗಿ ನಡೆದೆ.

ಮೈದಾನ ದಾಟುವಾಗ ಕ್ರಿಕೆಟ್ ಆಡುತ್ತಿದ್ದವರು ಆಟ ನಿಲ್ಲಿಸಿ ದಾರಿ ಬಿಟ್ಟರು. ಸೊಪ್ಪಿನ ಗಾಡಿಗೆ ನನ್ನ ಬೆನ್ನು ತಾಗಿತು. ಗಾಡಿಯವಳು, "ಏನ್ ಮೇಡಮ್ಮೋರೇ, ಯಾರನ್ನ ಹುಡುಕ್ತಿದ್ದೀರಿ? ಓಡಿಹೋದ ಚಿತ್ರಗಾರನ್ನಾ?" ಅಂದಳು. "ಸುಮ್ನಿರಮ್ಮ" ಅಂದೆ. ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ, ಈಗ ನೇರ. ಹೀಗೆ ಹೇಳುತ್ತಾ ಹೋಗುತ್ತಿದ್ದೆ. ಶಿವಲೀಲ ಮಾತ್ರ ನಾಲ್ಕು ಹೆಜ್ಜೆಗೊಮ್ಮೆ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ನೆಲ ನೋಡ್ತಿಲ್ಲ ತಾನೇ ಮೇಡಂ?"

"ಇಲ್ಲ."

"ನೆಲ ನೋಡ್ತಿಲ್ಲ ತಾನೇ?"

"ಇಲ್ಲ ಅಂದ್ನಲ್ಲ, ನಡಿ."

ಕಾಸು ಕೊಟ್ಟು ಚಿತ್ರ ಬರೆಸಿಕೊಂಡವರು ಮಾಯಣ್ಣ ಸಾಯುತ್ತಾನೆ ಅಂತ ಇಷ್ಟು ಹೆದರುತ್ತಾರೆಯೇ? ಈ ಯೋಚನೆ ಬಂತು. ಬಂದ ಹಿಂದೆಯೇ ಇನ್ನೊಂದೂ ಬಂತು. ಈ ಹುಡುಗಿ ಚಿತ್ರಕ್ಕಿಂತ ನಾಟಕದಲ್ಲಿ ಗಟ್ಟಿ ಇರಬಹುದು.

ಕಮ್ಮಾರ ಬೀದಿಯ ಬಾಯಿಗೆ ಬಂದಾಗ ಕಣ್ಣು ನೆಟ್ಟಗೆ ಬೀದಿಯೊಳಗೆ ನೋಡಿತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆ ಬೀದಿ ಇಳಿಜಾರು. ಕೊನೆಯ ಮನೆ ಮಾಯಣ್ಣನದು, ಅದರ ಹಿಂದೆ ಕ್ವಾರಿ. ಹಿಮ್ಮುಖವಾಗಿ ಇಳಿಯುವಾಗ ಬೀಳುತ್ತೇನೆಂದು ಕಾಲ ಕಡೆ ಒಮ್ಮೆ ನೋಡಿಕೊಂಡು ತಲೆ ಎತ್ತಿದೆ. ಚಿತ್ರದ ಕಣ್ಣು ಕೆಳಗಿಳಿದಿತ್ತು. ಪೂರ್ತಿ ನೆಲಕ್ಕಲ್ಲ. ಆದರೆ ಮುಂಚೆ ನನ್ನ ಮುಖದ ಮಟ್ಟಕ್ಕಿದ್ದ ನೋಟ ಈಗ ನನ್ನ ಮೊಣಕಾಲ ಹತ್ತಿರ ಇತ್ತು.

"ನೆಲ ನೋಡ್ತಿಲ್ಲ ತಾನೇ ಮೇಡಂ?"

ಆ ಗಳಿಗೆಯಲ್ಲಿ ನನಗೆ ಮಾಯಣ್ಣ ನೆನಪಾಗಲಿಲ್ಲ. ಅಕ್ಕಿ ಆರಿಸುವ ಹೆಂಗಸು, ಅವಳ ಬೆರಳ ನಡುವಿನ ಕಲ್ಲು, ಹಿಂದಿನ ಕ್ವಾರಿಯ ನೀರು, ಇಷ್ಟೇ ನೆನಪಾಯಿತು. "ಇಲ್ಲ, ನೇರ ಇದೆ, ಬೇಗ ನಡಿ" ಅಂದೆ. ಹಿಂದಕ್ಕೆ ತಿರುಗಿ ನೋಡದೆ ಹಿಮ್ಮುಖವಾಗಿಯೇ ಓಡಿದೆ. ಇಳಿಜಾರು ಮುಗಿದು ಕಾಲು ಸಮನೆಲಕ್ಕೆ ತಾಗಿದ ಕೂಡಲೇ ಕಣ್ಣು ಮತ್ತೆ ಮೇಲೆದ್ದಿತು. ಕೆಳಗಿದ್ದವರನ್ನು ಮೇಲಿನಿಂದ ನೋಡುತ್ತಿತ್ತು, ಅಷ್ಟೇ. ನನ್ನ ರವಿಕೆ ಬೆವರಿನಲ್ಲಿ ಒದ್ದೆಯಾಗಿತ್ತು.

ಈಗ ನೋಟ ಮಾಯಣ್ಣನ ಬಾಗಿಲಿಗೆ ನೆಟ್ಟಿತ್ತು. ಜೀವ ಬಂದ ಹಾಗೆ ನನ್ನ ಅನುಮಾನವೂ ಎದ್ದು ಕೂತಿತು. "ಇದೇನಾ ನಿಮ್ಮ ಅವ್ವನ ಮನೆ?" ಅಂತ ಕೇಳಿ ಬಾಗಿಲು ದೂಡಿದೆ. ಮಾಯಣ್ಣ ಲುಂಗಿ ಉಟ್ಟುಕೊಂಡು ಚಿತ್ರಾನ್ನ ತಿನ್ನುತ್ತಿದ್ದ. ನನ್ನನ್ನು ಕಂಡು ತಟ್ಟೆ ಹಿಡಿದುಕೊಂಡೇ ಎದ್ದು ನಿಂತ.

"ಸಿಕ್ಕಿಬಿದ್ದೆಯಲ್ಲಪ್ಪ" ಅಂದೆ. "ಇಲ್ಲಿ ಬಾ. ಈ ಚಿತ್ರದ ಮುಂದೆ ಆ ಕಡೆಯಿಂದ ಈ ಕಡೆಗೆ ನಡಿ."

"ನಾನೇನ್ ಮಾಡ್ದೆ ಮೇಡಂ, ಮನೇಲಿ ಊಟ ಮಾಡ್ತಿದ್ದೆ" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇಂಥವರನ್ನು ನೋಡಿಯೇ. ಆದರೂ ನಡೆದ. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಚಿತ್ರ ಅವನಿದ್ದಾನೆ ಅನ್ನುವುದನ್ನೇ ಲೆಕ್ಕಕ್ಕಿಡಲಿಲ್ಲ. ಅವನ ಭುಜದ ಪಕ್ಕದಿಂದ ಹಿತ್ತಲ ಬಾಗಿಲನ್ನು ನೋಡುತ್ತಿತ್ತು. ಹಿತ್ತಲಿನಿಂದ ನೀರಿನ ಸದ್ದು ಬರುತ್ತಿತ್ತು.

ಶಿವಲೀಲ ಚಿತ್ರವನ್ನು ನನ್ನ ಕೈಗೆ ತುರುಕಿ ಒಳಗೆ ಓಡಿದಳು. ನಾನೂ ಹಿಂದೆಯೇ ಹೋದೆ. ಹಿತ್ತಲಿನ ತಂತಿಯ ಮೇಲೆ ಮಾಯಣ್ಣ ತನ್ನ ಚಿತ್ರಗಳನ್ನು ಬಟ್ಟೆಯ ಕ್ಲಿಪ್ಪು ಹಾಕಿ ಒಣಗಲು ಬಿಟ್ಟಿದ್ದ. ಎಲ್ಲವೂ ಮಕ್ಕಳ ಮುಖಗಳು, ಒಂದಕ್ಕೂ ಕಣ್ಣಿಲ್ಲ. ನಲ್ಲಿಯ ಹತ್ತಿರ ಒಬ್ಬ ಹೆಂಗಸು ಕೂತು, ತಂಬಿಗೆಯಿಂದ ನೀರು ತೆಗೆದು ತೆಗೆದು ಒಂದು ಕಾಗದದ ಮುಖಕ್ಕೆ ಮೆಲ್ಲಗೆ ಎರಚುತ್ತಿದ್ದಳು. ಬಣ್ಣ ಇಳಿದು ಚರಂಡಿಗೆ ಹೋಗುತ್ತಿತ್ತು. ಸುತ್ತ ಆಗಲೇ ತೊಳೆದು ಬಿಳಿಯಾದ ಕಾಗದಗಳು ಬಿದ್ದಿದ್ದವು.

"ಅವ್ವ" ಅಂದಳು ಶಿವಲೀಲ.

ಆಕೆ ತಲೆ ಎತ್ತಿದಳು. ಚಿತ್ರದಲ್ಲಿ ಎತ್ತಿದ್ದಳಲ್ಲ, ಹಾಗೆಯೇ. "ಯಾರವ್ವಾ ನೀನು? ಒಂದ್ ಕೈ ಹಚ್ಚು ಬಾ" ಅಂದಳು. "ಪಾಪ, ಹುಡುಗ್ರು ಕಣ್ಣು ಮುಚ್ಕೊಂಡಾವೆ. ಸೋಪು ಹೋಗೈತೆ ಕಣ್ಣಿಗೆ. ಯಾರೋ ಸ್ನಾನ ಮಾಡ್ಸಿ ಹಂಗೇ ಬಿಟ್ ಹೋಗವ್ರೆ, ನೀರೇ ಹಾಕಿಲ್ಲ."

ಮಾಯಣ್ಣ ತಲೆಯ ಮೇಲೆ ಕೈ ಹೊತ್ತು ಕುಕ್ಕರುಗಾಲಿನಲ್ಲಿ ಕೂತ. ಹಿತ್ತಲ ಬಾಗಿಲು ತೆಗೆದಿತ್ತಂತೆ, ಆಕೆ ಯಾವಾಗ ಬಂದಳು ಅಂತ ಅವನಿಗೂ ಗೊತ್ತಿಲ್ಲ. ಆ ಬಾಗಿಲಿನಿಂದ ಕ್ವಾರಿ ಕಾಣುತ್ತಿತ್ತು. ಆಕೆ ಅತ್ತ ಹೋಗುತ್ತಿದ್ದವಳೇ ಇರಬೇಕು, ಈ ಕಣ್ಣಿಲ್ಲದ ಮಕ್ಕಳನ್ನು ಕಂಡು ಇತ್ತ ತಿರುಗಿದ್ದಾಳೆ. ಅವನ ಕಳ್ಳ ದಂಧೆಯಿಂದ ಒಂದು ಜೀವ ಉಳಿಯಿತಲ್ಲ ಅಂತ ನನಗೆ ಬೇಸರವೂ ಆಯಿತು, ಸಮಾಧಾನವೂ ಆಯಿತು. "ಯಾವ ಯಾವ ಹುಡುಗರಿಗೆ ಇವು?" ಅಂತ ಕೇಳಿದೆ. "ತೊಳೆದುಹೋದ್ವಲ್ಲ ಮೇಡಂ, ಇನ್ಯಾರಿಗೆ" ಅಂದ ಅವನು, ಅಳುವ ದನಿಯಲ್ಲಿ.

ಚನ್ನಾಜಮ್ಮನನ್ನು ನಡುವೆ ಇಟ್ಟುಕೊಂಡು ವಾಪಸ್ಸು ಬಂದೆವು. ಅಷ್ಟಾದರೂ ನನ್ನ ಹುಟ್ಟುಗುಣ ಬಿಡಬೇಕಲ್ಲ. ಗ್ಯಾಲರಿಯಲ್ಲಿ ಚಿತ್ರವನ್ನು ಮತ್ತೆ ಮೊಳೆಗೆ ಹಾಕಿ, ಚನ್ನಾಜಮ್ಮನ ಭುಜ ಹಿಡಿದು ಆ ತುದಿಯಿಂದ ಈ ತುದಿಗೆ ನಡೆಸಿದೆ. ಸೊಟ್ಟ ಕಣ್ಣುಗಳು ಎಲ್ಲಿಯೂ ತಪ್ಪದೆ ಆಕೆಯ ಹಿಂದೆಯೇ ಬಂದವು. ಹುಡುಗಿ ಹೇಳಿದ್ದೆಲ್ಲ ನಿಜ. ನಿಜವಾದರೂ ನಾಳೆ ಅವಳ ಹೆಸರು ಹೋಗುತ್ತದೆ, ಅದೂ ನಿಜ.

"ಕೂತ್ಕೋ" ಅಂದೆ. "ಈಗ ಆ ಕಣ್ಣು ಅಳಿಸಿ ನೀನೇ ಇಡು. ನಾನು ಊಟಕ್ಕೆ ಹೋಗಿ ಬರೋಷ್ಟರಲ್ಲಿ ಮುಗಿಯೋ ಕೆಲಸ. ನಾನು ನೋಡಿಲ್ಲ ಅಂದ್ಕೋ."

ಅವಳು ಆಗಲ್ಲ ಅಂತ ತಲೆ ಆಡಿಸಿದಳು. "ಅವ್ವನ ಕೈ ಈಗ ಬ್ರಷ್ ಹಿಡಿಯಲ್ಲ ಮೇಡಂ. ಹಿಡಿಸಿದ್ರೆ ಬಾಯಿಗೆ ಹಾಕ್ಕೋತಾಳೆ. ಇನ್ನೊಂದ್ಸಲ ಇಡಿಸೋಕಾಗಲ್ಲ."

"ಡಿಪ್ಲೊಮಾ ಹೋಗುತ್ತೆ."

"ಗೊತ್ತು."

"ಮುಂದೆ ಹೊಟ್ಟೆಗೇನು ಮಾಡ್ತೀಯ?"

ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಅವಳಿಗೆ ಮಾತಾಗಿತ್ತಂತೆ, ಡಿಪ್ಲೊಮಾ ತಂದರೆ ಸೇರಿಸಿಕೊಳ್ಳುತ್ತಾರೆ. ಸಂಬಳ ಬಂದರೆ ಹಗಲು ಹೊತ್ತು ಅವ್ವನನ್ನು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳಬಹುದು ಅಂತ ಲೆಕ್ಕ ಹಾಕಿದ್ದಳು. ಇದನ್ನೆಲ್ಲ ಹೇಳಿ, ಕೊನೆಗೆ ಮೆಲ್ಲಗೆ ಅಂದಳು. "ಡಿಪ್ಲೊಮಾ ಹೋದ್ರೆ ಬದುಕಬಹುದು ಮೇಡಂ. ಅವ್ವ ಹೋದ್ರೆ ಎಲ್ಲಿ ಅಂತ ಹುಡುಕಲಿ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಇಷ್ಟು ವರ್ಷ ಸುಳ್ಳು ಹೇಳಿದವರನ್ನು ಹಿಡಿದು ಹಿಡಿದು ಹಿಂಬಾಗಿಲಿನಿಂದ ಕಳಿಸಿದ್ದೇನೆ, ರಾತ್ರಿ ನಿದ್ದೆ ಚೆನ್ನಾಗಿಯೇ ಬಂದಿದೆ. ನಿಜ ಹೇಳಿದವಳನ್ನು ಆ ಬಾಗಿಲಿನಿಂದ ಹೇಗೆ ಕಳಿಸಲಿ? ಚನ್ನಾಜಮ್ಮ ಅಷ್ಟರಲ್ಲಿ ಗ್ಯಾಲರಿಯ ಕುರ್ಚಿಯಿಂದ ಎದ್ದು ಬಾಗಿಲ ಕಡೆ ಹೊರಟಿದ್ದಳು. ಶಿವಲೀಲ ಮಾತು ಬಿಟ್ಟು ಓಡಿಹೋಗಿ ಕೈ ಹಿಡಿದುಕೊಂಡಳು. ಚಿತ್ರ ಇಬ್ಬರನ್ನೂ ನೋಡಿದ ಹಾಗೆ ಕಂಡಿತು. ಯಾರನ್ನು ನೋಡುತ್ತಿದೆ ಅಂತ ಗೊತ್ತಿಲ್ಲದವರಿಗೆ ಹೇಳಲು ಬರುತ್ತಿರಲಿಲ್ಲ.

"ನಾಳೆ ನಿಮ್ಮ ಅವ್ವನ್ನ ಕರ್ಕೊಂಡು ಬಾ" ಅಂದೆ. "ಒಬ್ಬೊಬ್ಬ ವಿದ್ಯಾರ್ಥಿಯೇ ಬರಬೇಕು ಅಂತ ನಿಯಮ ಇದೆ. ವಿದ್ಯಾರ್ಥಿಯ ಜೊತೆ ತಾಯಿ ಬರಬಾರದು ಅಂತ ಎಲ್ಲೂ ಇಲ್ಲ. ಕೈ ಹಿಡ್ಕೊಂಡೇ ನಡಿ. ನಾನೇನೂ ಹೇಳಿಲ್ಲ, ನೀನೇನೂ ಕೇಳಿಲ್ಲ."

ನೋಟದ ದಿನಕ್ಕೆ ಬಂದ ಪರೀಕ್ಷಕರು ವೃಷಭೇಂದ್ರಯ್ಯ. ಹೆಸರು ಕೇಳಿ ನನ್ನ ಎದೆ ಧಸಕ್ಕಂದಿತು. ಮುದುಕರು, ಸ್ವತಃ ದೊಡ್ಡ ಚಿತ್ರಗಾರರು, ಅನುಮಾನದಲ್ಲಿ ನನ್ನ ಗುರುವಾಗಬೇಕಾದವರು. ಹಿಂದೊಮ್ಮೆ ಬಂದಾಗ ಒಂದು ಆಡಿನ ಎಡಗಣ್ಣು ಅರೆಗಳಿಗೆ ತಡವಾಗಿ ಹೊರಳಿತು ಅಂತ ಒಬ್ಬ ಹುಡುಗನನ್ನು ಕಳಿಸಿದ್ದರು. ಸೀಮೆಸುಣ್ಣ ಹಿಡಿದುಕೊಂಡು, ಮಾತಿಲ್ಲದೆ, ಗೋಡೆಯುದ್ದಕ್ಕೂ ಬಂದರು. ಮಕ್ಕಳ ಮುಖ ಬರೆಯುತ್ತೇವೆ ಅಂದಿದ್ದ ಕೆಲವು ಹುಡುಗರ ಮೊಳೆಗಳು ಹಿಂದಿನ ದಿನವೇ ಖಾಲಿ ಬಿದ್ದು ಹೆಸರು ಹೊಡೆದಾಗಿತ್ತು. ಯಾಕೆ ಅಂತ ಪರೀಕ್ಷಕರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಶಿವಲೀಲಳ ಸರದಿ ಬಂತು. ತಾಯಿಯ ಕೈ ಹಿಡಿದುಕೊಂಡು ಒಳಗೆ ಬಂದಳು. ಚನ್ನಾಜಮ್ಮನಿಗೆ ತಲೆ ಬಾಚಿ ಹೂ ಮುಡಿಸಿದ್ದಳು. ವೃಷಭೇಂದ್ರಯ್ಯ ಹುಬ್ಬು ಗಂಟುಹಾಕಿ ನನ್ನ ಕಡೆ ನೋಡಿದರು.

"ಇವರು ಯಾರು?"

"ತಾಯಿ" ಅಂದೆ. "ಮಗಳ ಪ್ರದರ್ಶನ ನೋಡೋಕೆ ಬಂದಿದ್ದಾರೆ."

"ನೋಟ ಮುಗಿದ ಮೇಲೆ ನೋಡಬಹುದಿತ್ತಲ್ಲ?"

"ನಾನೇ ಬನ್ನಿ ಅಂದೆ."

ಇಡೀ ಕಾಲೇಜಿನಲ್ಲಿ ಯಾರನ್ನೂ ನಂಬದವಳು ನಾನು. ಅದಕ್ಕೇ ನನ್ನ ಮಾತನ್ನು ಎಲ್ಲರೂ ನಂಬುತ್ತಾರೆ. ಆದರೆ ಅವರು ನಂಬಲಿಲ್ಲ. ಇಬ್ಬರೂ ನಡೆಯುವುದನ್ನು ನೋಡುತ್ತಾ ನಿಂತರು. ಚನ್ನಾಜಮ್ಮ ನೆಟ್ಟಗೆ ನಡೆಯುವವಳೇ? ಒಂದು ಆಡಿನ ಮುಂದೆ ನಿಂತು ಚಪ್ಪರಿಸಿ ಕರೆದಳು. ಹಿಂದಕ್ಕೆ ಬಂದಳು. ಕಿಟಕಿಯ ಕಡೆ ಹೋದಳು. ಅವಳು ಹೋದಲ್ಲೆಲ್ಲ ಶಿವಲೀಲ ಪಕ್ಕದಲ್ಲೇ ಹೋದಳು. ಚಿತ್ರದ ನೋಟ ಅವರಿಬ್ಬರ ಮೇಲಿಂದ ಕದಲಲಿಲ್ಲ. ನನ್ನ ಕೈಯೊಳಗಿನ ಬೀಗದ ಕೈ ಬೆವರಿನಲ್ಲಿ ಜಾರುತ್ತಿತ್ತು.

ವೃಷಭೇಂದ್ರಯ್ಯ ಚಿತ್ರದ ಹತ್ತಿರ ಹೋಗಿ ಬಗ್ಗಿ, ಬೆರಳುಗಳನ್ನು ನೋಡಿದರು, ಆಮೇಲೆ ಕಣ್ಣನ್ನು ನೋಡಿದರು. ರೆಪ್ಪೆಯಾಚೆ ಚೆಲ್ಲಿದ ಬಣ್ಣವನ್ನು ಬಹಳ ಹೊತ್ತು ನೋಡಿದರು. ನೆಟ್ಟಗೆ ನಿಂತು ಅಂದರು, "ಮಗು, ತಾಯಿಯ ಕೈ ಬಿಟ್ಟು ಬಾಗಿಲ ಹತ್ರ ಹೋಗಿ ನಿಲ್ಲು ನೋಡೋಣ."

ಶಿವಲೀಲ ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ ನನ್ನ ಹತ್ತಿರ ಕೊಡಲು ಉಪಾಯವೇನೂ ಇರಲಿಲ್ಲ.

"ಬಿಡೋಕಾಗಲ್ಲ ಸರ್" ಅಂದಳು.

"ಯಾಕೆ?"

"ಬಿಟ್ರೆ ಹೋಗಿಬಿಡ್ತಾಳೆ."

ಚನ್ನಾಜಮ್ಮ ಮಗಳ ಹಿಡಿತದಿಂದ ಮುಂಗೈ ಕೊಸರಿಕೊಳ್ಳುತ್ತಾ, "ಯಾರವ್ವಾ ನೀನು, ಕೈ ನೋಯ್ತದೆ ಬಿಡು" ಅಂದಳು. ವೃಷಭೇಂದ್ರಯ್ಯ ಆಕೆಯ ಮುಖ ನೋಡಿದರು, ಗೋಡೆಯ ಮೇಲಿನ ಮುಖ ನೋಡಿದರು, ಇನ್ನೊಮ್ಮೆ ಆ ಸೊಟ್ಟ ಕಣ್ಣು ನೋಡಿದರು.

"ಬಿಡಬೇಡ" ಅಂದರು.

ಬಗ್ಗಿ, ಚಿತ್ರದ ಕೆಳಗೆ, ಎಲ್ಲರಿಗೂ ಬರೆದಷ್ಟೇ ದೊಡ್ಡ ಅಕ್ಷರದಲ್ಲಿ 'ಸ್ವಂತ' ಅಂತ ಬರೆದರು. ನನ್ನ ಮುಖ ನೋಡದೆ ಮುಂದಿನ ಚಿತ್ರಕ್ಕೆ ಹೋದರು. ಅವರಿಗೆ ಗೊತ್ತಾಗಿತ್ತೇ, ಅಥವಾ ಮುದುಕರ ಕಣ್ಣು ಮಂಜಾಗಿತ್ತೇ? ಗೊತ್ತಾಗಿತ್ತು ಅಂತ ನನಗೆ ಬಲವಾದ ಅನುಮಾನ.

ನನಗೆ ಅಳು ತಡೆಯಲಾಗಲಿಲ್ಲ, ಸೆರಗಿನಿಂದ ಮೂಗು ಒರೆಸಿಕೊಂಡು ಅವರಿಬ್ಬರ ಹತ್ತಿರ ಹೋದೆ. ಶಿವಲೀಲ ಗೋಡೆಯ ಮೇಲಿನ ಅಕ್ಷರ ನೋಡುತ್ತಾ ನಿಂತಿದ್ದಳು, ಅವಳ ಕೆನ್ನೆ ತೋಯ್ದಿತ್ತು. ಚನ್ನಾಜಮ್ಮ ಅವಳ ತೋಳು ಹಿಡಿದು ಬಾಗಿಲ ಕಡೆ ಎಳೆದಳು.

"ನಡಿಯವ್ವ, ಯಾರಾದ್ರೂ ಆಗಿರು, ನನ್ನನ್ನ ಮನೆಗಂಟ ಬಿಟ್ಟು ಬಾ" ಅಂದಳು. "ನನ್ನ ಮಗಳು ಕಾಲೇಜಿಂದ ಬರೋ ಹೊತ್ತಾಯ್ತು. ನಿತ್ಯ ಹುಡುಕ್ಕೊಂಡು ಹೋಗ್ತೀನಿ, ಸಿಗೋದೇ ಇಲ್ಲ."

"ಸಿಗ್ತಾಳೆ ಅವ್ವ" ಅಂದಳು ಶಿವಲೀಲ. "ನಡಿ, ಮನೆಗೆ ಹೋಗಾಣ."